ಹದಿಮೂರು ಬಟ್ಟೆ

ಲಾಂಡ್ರಿ ಅಮ್ಮನ ಕೈಗೆ ಹೋದ ಬಟ್ಟೆಯಲ್ಲಿ ಕಲೆ ಉಳಿದದ್ದನ್ನು ಆ ಬೀದಿಯಲ್ಲಿ ಯಾರೂ ಕಂಡವರಿಲ್ಲ. ಶಾಯಿಗೆ ಹಾಲು, ಜಿಡ್ಡಿಗೆ ಸೀಮೆಸುಣ್ಣದ ಪುಡಿ, ತುಕ್ಕಿಗೆ ನಿಂಬೆರಸ ಮತ್ತು ಮಧ್ಯಾಹ್ನದ ಬಿಸಿಲು. ರಕ್ತಕ್ಕೆ ಮಾತ್ರ ತಣ್ಣೀರು, ಅದೂ ತಕ್ಷಣ. "ಬಿಸಿನೀರು ಸೋಕಿಸಿದ್ರೋ, ರಕ್ತ ಬಟ್ಟೆಗೆ ಕಚ್ಕೊಂಡುಬಿಡುತ್ತೆ. ಆಮೇಲೆ ಬಟ್ಟೆ ಹರಿಯುತ್ತೆ ಹೊರತು ಕಲೆ ಹೋಗಲ್ಲ," ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು.

ಮನೆಯೇ ಲಾಂಡ್ರಿ. ಮುಂದಿನ ಕೋಣೆಯಲ್ಲಿ ಉದ್ದನೆಯ ಮೇಜು, ಅದರ ಹಿಂದೆ ಮಗ ಇಸ್ತ್ರಿ ಹಾಕುತ್ತ ನಿಂತಿರುತ್ತಿದ್ದ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಅಲ್ಲಿ ಸೊಸೆ. ಬಿದ್ದ ಗುಂಡಿ ಹಾಕುವುದು, ಹರಿದ ಅಂಚು ಹೊಲಿಯುವುದು ಅವಳ ಪಾಲು. ಹಿತ್ತಿಲಲ್ಲಿ ಕಲ್ಲಿನ ತೊಟ್ಟಿ, ಒಗೆಯುವ ಕಲ್ಲು, ಗೋಡೆಯಿಂದ ಗೋಡೆಗೆ ಬಿಗಿದ ಆರು ಹಗ್ಗ. ಅಲ್ಲಿ ಅಮ್ಮನದೇ ರಾಜ್ಯಭಾರ. ವಸತಿಗೃಹದ ಹಾಸುಗಳು, ಕ್ಷೌರದಂಗಡಿಯ ಟವೆಲುಗಳು, ಶಾಲೆ ಮಕ್ಕಳ ಅಂಗಿಗಳು, ಎಲ್ಲದರ ಗುಟ್ಟೂ ಅವಳಿಗೆ ಗೊತ್ತು. ಯಾರು ಕದ್ದು ಸಿಗರೇಟು ಸೇದುತ್ತಾರೆ, ಯಾರ ಮಗು ಇನ್ನೂ ಹಾಸಿಗೆ ಒದ್ದೆ ಮಾಡುತ್ತದೆ, ಯಾರ ದಿಂಬು ದಿನವೂ ತೇವ. ಆದರೆ ಒಂದು ಮಾತೂ ಹಿತ್ತಿಲು ದಾಟುತ್ತಿರಲಿಲ್ಲ. "ಬಟ್ಟೆ ಹೇಳಿದ್ದನ್ನ ಬಾಯಿ ಹೇಳಬಾರದು," ಎಂದು ಅವಳ ತಾಯಿ ಕಲಿಸಿದ್ದಳು. ಆ ಮಾತನ್ನು ಅವಳು ಮರೆತಿದ್ದರೆ ಚೆನ್ನಾಗಿತ್ತು. ಈ ಕಥೆ ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ಆ ಮನೆಯಲ್ಲಿ ಇನ್ನೊಂದು ಕಟ್ಟಳೆಯೂ ಇತ್ತು. ಹೆರಿಗೆಯ ಕೋಣೆಯ ಬಟ್ಟೆ ಮನೆಯ ಹಿರಿಯ ಹೆಂಗಸಿನ ಕಣ್ಣಿಗಲ್ಲದೆ ಬೇರೆಯವರ ಕಣ್ಣಿಗೆ ಬೀಳಬಾರದು. ತೊಯ್ದದ್ದು ತೊಯ್ದಂತೆ ನೀರಿಗೆ ಬೀಳಬೇಕು, ಒಣಗುವ ಮೊದಲು ಬೆಳ್ಳಗಾಗಬೇಕು. ಗಂಡಸರಿಗೆ ತಿಳಿಯಬಾರದು, ಹೊರಗಿನವರಂತೂ ನೋಡಲೇಬಾರದು. ಎಷ್ಟು ಹೋಯಿತೆಂದು ಎಣಿಸಿದರೆ ಬಾಣಂತಿಗೆ ದೃಷ್ಟಿಯಂತೆ. ಹೋಗುವುದೆಲ್ಲ ಕೆಟ್ಟ ರಕ್ತ, ಒಂಬತ್ತು ತಿಂಗಳು ಕಟ್ಟಿಕೊಂಡದ್ದು, ಹೋದಷ್ಟೂ ಮೈ ಹಗುರ. ಹೀಗೆಂದು ಯಾರು ಮೊದಲು ಹೇಳಿದರೋ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೇ ಅದಕ್ಕೆ ಅಷ್ಟು ಬಲ.

ಅಮ್ಮನ ಹಿರಿಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು ಇದೇ ಮನೆಯಲ್ಲಿ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಮಗುವೂ ಉಳಿಯಲಿಲ್ಲ. ಬಾಣಂತಿ ಜ್ವರ ಎಂದು ಅಮ್ಮ ಹೇಳಿದಳು. ಎಲ್ಲರೂ ಹಾಗೆಂದೇ ನಂಬಿದರು.

ಸೊಸೆಗೆ ದಿನ ತುಂಬಿದಾಗ ಮಗ, "ಆಸ್ಪತ್ರೆಗೇ ಹೋಗೋಣ ಅಮ್ಮ," ಎಂದ. ಅದಕ್ಕೆ ಅಡ್ಡ ಬಂದವಳು ಅಮ್ಮನ ಅಕ್ಕ, ಅವನ ದೊಡ್ಡಮ್ಮ. ದೊಡ್ಡಮ್ಮ ಬಂದಳೆಂದರೆ ಮನೆಯ ಇಸ್ತ್ರಿಪೆಟ್ಟಿಗೆಗೂ ನಾಲ್ಕು ಬುದ್ಧಿಮಾತು ಹೇಳದೆ ಹೋಗುವವಳಲ್ಲ.

"ನಾನು ಐದು ಹೆತ್ತಿದ್ದೀನಿ ಕಣೋ. ಐದೂ ಮನೇಲೇ. ಮೂರನೇ ದಿನ ಎದ್ದು ನೀರು ಹೊತ್ತಿದ್ದೀನಿ. ನಿನ್ನ ಹೆಂಡತಿ ಏನು ಗಾಜಿನ ಬೊಂಬೆನಾ, ಹತ್ತಿ ಸುತ್ತಿ ಆಸ್ಪತ್ರೇಲಿ ಇಡೋಕೆ?"

ಕೊನೆಗೆ ಅಲ್ಲಿಗೂ ಇಲ್ಲಿಗೂ ಒಂದು ರಾಜಿಯಾಯಿತು. ಹೆರಿಗೆ ಮನೆಯಲ್ಲೇ, ಆದರೆ ನರ್ಸಮ್ಮ ಬರಬೇಕು.

ನರ್ಸಮ್ಮ ಬಂದಳು. ಬೆಳಿಗ್ಗೆ ಎಂಟಕ್ಕೆ ಹೆಣ್ಣುಮಗು ಹುಟ್ಟಿತು. ಗುಬ್ಬಿಯಷ್ಟೇ ಗಾತ್ರ, ಬಾಯಿ ಮಾತ್ರ ಬೀದಿಗೆಲ್ಲ ಕೇಳುವಷ್ಟು. ಗುಬ್ಬಿ ಎಂಬ ಹೆಸರು ಆಗಲೇ ನಿಂತಿತು. ನರ್ಸಮ್ಮ ಸೂಜಿಮದ್ದು ಕೊಟ್ಟು, ಹೊಟ್ಟೆ ಒತ್ತಿ ನೋಡಿ, ಒಂದು ಗಂಟೆ ಕೂತಳು. ಅಷ್ಟರಲ್ಲಿ ಪಕ್ಕದ ಬೀದಿಯಿಂದ ಕರೆ ಬಂತು, ಅಲ್ಲೊಬ್ಬಳಿಗೆ ನೋವು ಶುರುವಾಗಿದೆಯೆಂದು.

"ಹೋಗಿ ಬೇಗ ಬಂದುಬಿಡ್ತೀನಮ್ಮ," ಎಂದಳು ಅಮ್ಮನಿಗೆ. "ಒಂದು ಮಾತು ನೆನಪಿಟ್ಕೊಳ್ಳಿ. ತೊಯ್ದ ಬಟ್ಟೆ ಯಾವುದನ್ನೂ ಒಗೀಬೇಡಿ. ಹಾಗೇ ಬಕೆಟ್‌ಗೆ ಹಾಕಿಡಿ, ಬಂದು ನೋಡ್ತೀನಿ. ಅರ್ಧ ಗಂಟೆಯೊಳಗೆ ಒಂದು ಪೂರ್ತಿ ತೊಯ್ದರೆ ಮಗನನ್ನ ಓಡಿಸಿ, ನಾನು ಎಲ್ಲಿದ್ರೂ ಬರ್ತೀನಿ."

ಅಮ್ಮ ತಲೆಯಾಡಿಸಿದಳು.

ಮೊದಲನೆಯ ಬಟ್ಟೆ ಕಾಲು ಗಂಟೆಗೇ ತೊಯ್ದಿತು. ಅಮ್ಮ ಅದನ್ನು ಬಕೆಟ್‌ಗೆ ಹಾಕಲಿಲ್ಲ. ಕೈ ತಾನಾಗಿ ತೊಟ್ಟಿಗೆ ಹೋಯಿತು. ಎರಡನೆಯದೂ ಹಾಗೆಯೇ, ಮೂರನೆಯದೂ ಹಾಗೆಯೇ. ಹಳೆಯ ಹಾಸುಗಳನ್ನು ಹರಿದು ಮಡಿಸಿಟ್ಟಿದ್ದ ಚೌಕದ ತುಂಡುಗಳು ಅವು. ಒಂದನ್ನು ಹಿಂಡಿ ಹಗ್ಗಕ್ಕೆ ಹಾಕಿ ಒಳಗೆ ಬರುವಷ್ಟರಲ್ಲಿ ಇನ್ನೊಂದು ಭಾರವಾಗಿರುತ್ತಿತ್ತು.

"ಅತ್ತೆ, ಬಾಯಾರುತ್ತೆ," ಎಂದಳು ಸೊಸೆ. ನೀರು ಕುಡಿದಳು. ಮತ್ತೆ, "ಬಾಯಾರುತ್ತೆ," ಎಂದಳು. ಸ್ವಲ್ಪ ಹೊತ್ತಿಗೆ, "ಚಳಿ," ಎಂದಳು. ಹಣೆಯಲ್ಲಿ ಬೆವರು.

"ಕೆಟ್ಟದ್ದೆಲ್ಲ ಹೋಗ್ತಿದೆ ಮಗಳೇ, ಮಲಕ್ಕೋ. ಹಗುರ ಆಗ್ತೀಯ."

ಹೊರಗಿನ ಕೋಣೆಯಿಂದ ಮಗ ಕೂಗಿ ಕೇಳಿದ. "ಅಮ್ಮ, ಎಲ್ಲ ಸರಿ ಇದೆ ತಾನೆ?"

"ಸರಿ ಇದೆ ಕಣೋ, ನೀನು ನಿನ್ನ ಕೆಲಸ ನೋಡು. ಇದು ಹೆಂಗಸರ ವಿಚಾರ."

ಒಂದೂವರೆ ಗಂಟೆಯ ಮೇಲೆ ನರ್ಸಮ್ಮ ಬಂದಾಗ ಬಕೆಟ್‌ನಲ್ಲಿ ಒಂದೇ ಬಟ್ಟೆ ಇತ್ತು. ಅದೂ ಆಗಷ್ಟೇ ಹಾಕಿದ್ದು, ಅರ್ಧ ಮಾತ್ರ ತೊಯ್ದಿತ್ತು. ಅವಳು ಸೊಸೆಯ ಕೈ ಹಿಡಿದು ನಾಡಿ ನೋಡಿದಳು, ಮುಖ ನೋಡಿದಳು, ಹುಬ್ಬು ಗಂಟಿಕ್ಕಿತು.

"ನಾಡಿ ಇಷ್ಟು ಓಡ್ತಿದೆಯಲ್ಲಾ. ಎಷ್ಟು ಬಟ್ಟೆ ಬದಲಾಯಿಸಿದ್ರಿ?"

"ಎರಡು ಮೂರು," ಎಂದಳು ಅಮ್ಮ.

ನರ್ಸಮ್ಮ ಮತ್ತೊಮ್ಮೆ ಬಕೆಟ್ ನೋಡಿದಳು. ಹೆಚ್ಚೇನೂ ಹೋಗಿಲ್ಲವೆಂದು ಬಕೆಟ್ಟೂ ಹೇಳುತ್ತಿತ್ತು. ಬಾಣಂತಿಯ ಮುಖ ಬೇರೆ ಏನೋ ಹೇಳುತ್ತಿತ್ತು. ಹೊಟ್ಟೆ ಮುಟ್ಟಿ ನೋಡುವುದಕ್ಕೆ ಮೊದಲು ಕೈ ತೊಳೆಯೋಣವೆಂದು ಹಿತ್ತಿಲಿಗೆ ಬಂದಳು. ಆರು ಹಗ್ಗದ ಮೇಲೂ ಬಿಳಿಯ ಬಟ್ಟೆ, ಹಾಸುಗಳ ನಡುವೆ ಸಣ್ಣ ಚೌಕಗಳು. ಅನುಮಾನಕ್ಕೆ ಎಡೆಯಿಲ್ಲ. ಆದರೆ ಅವಳ ಚಪ್ಪಲಿ ಒದ್ದೆಯಾಯಿತು. ಕೆಳಗೆ ನೋಡಿದಳು. ತೊಟ್ಟಿಯಿಂದ ಚರಂಡಿಯವರೆಗೂ ಕೆಂಪು ನೀರು ಹರಿದಿತ್ತು.

ಅವಳು ಒಳಗೆ ಓಡಿ ಹೊಟ್ಟೆಯನ್ನು ಎರಡು ಕೈಯಲ್ಲಿ ಒತ್ತಿ ಹಿಡಿದು ಮಗನನ್ನು ಕೂಗಿದಳು. ಲಾಂಡ್ರಿಯ ಬಟ್ಟೆ ಸಾಗಿಸುವ ಗಾಡಿಯಲ್ಲೇ, ಇಸ್ತ್ರಿಯಾದ ಗಂಟುಗಳ ಮೇಲೆ ಮಲಗಿಸಿಕೊಂಡು ಹೋದರು. ದಾರಿಯುದ್ದಕ್ಕೂ ನರ್ಸಮ್ಮ ಕೈ ತೆಗೆಯಲಿಲ್ಲ. ಆಸ್ಪತ್ರೆಯಲ್ಲಿ ನಾಲ್ಕು ಚೀಲ ರಕ್ತ ಏರಿಸಿದರು. "ಇನ್ನರ್ಧ ಗಂಟೆ ತಡ ಮಾಡಿದ್ರೆ ನೀವು ಬರೋ ಅಗತ್ಯವೇ ಇರ್ತಿರಲಿಲ್ಲ," ಎಂದರು ಡಾಕ್ಟರಮ್ಮ.

ಸೊಸೆ ಉಳಿದಳು. ಉಳಿದಳು ಎಂದು ಹೇಳಿ ಕಥೆ ಮುಗಿಸುವವರು ಬಾಣಂತಿಯ ಮನೆಗೆ ಎರಡನೆಯ ಸಲ ಹೋಗಿ ನೋಡಿದವರಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು. ಹಾಲು ತಡವಾಗಿ ಬಂತು, ಬಂದದ್ದೂ ಸಾಲಲಿಲ್ಲ. ಬಾಚಣಿಗೆ ತುಂಬ ಕೂದಲು. ಯಾರೋ ಕೆಂಪು ಅಂಗಿ ಗುಂಡಿ ಹಾಕಲು ಕೊಟ್ಟರೆ ಗಂಡನ ಕೈಗೆ ಕೊಟ್ಟುಬಿಡುತ್ತಿದ್ದಳು. ತಿಂಗಳ ಮುಟ್ಟು ಮರಳಿ ಬಂದ ದಿನ ಬಚ್ಚಲಲ್ಲಿ ಗೋಡೆ ಹಿಡಿದು ನಿಂತೇ ಇದ್ದಳು. ಗಂಡ ಬಾಗಿಲು ತಟ್ಟಿದಾಗ, "ರೀ, ನಾನಿನ್ನೂ ಇದ್ದೀನಾ?" ಎಂದು ಕೇಳಿದಳಂತೆ. ಅವನು ಮೊದಲು ನಕ್ಕ. ಆಮೇಲೆ ಅದು ತಮಾಷೆಯಲ್ಲವೆಂದು ತಿಳಿದು ಬಾಗಿಲ ಹೊರಗೇ ಕೂತ.

ಅಮ್ಮ ಸೊಸೆಯನ್ನು ಅಂಗೈಯಲ್ಲಿಟ್ಟು ನೋಡಿಕೊಂಡಳು. ಸೊಪ್ಪು ಬೇಯಿಸಿ ಕೊಟ್ಟಳು, ಕಬ್ಬಿಣದ ಗುಳಿಗೆ ತಪ್ಪದೆ ನುಂಗಿಸಿದಳು, ಮಗುವನ್ನು ಸೊಂಟದಿಂದ ಇಳಿಸಲಿಲ್ಲ. ಆದರೆ ಆ ಬೆಳಗಿನ ಮಾತು ಮಾತ್ರ ಎತ್ತಲಿಲ್ಲ. ಸೊಸೆಯೂ ಎತ್ತಲಿಲ್ಲ. ಒಮ್ಮೊಮ್ಮೆ ಹೊಲಿಗೆ ನಿಲ್ಲಿಸಿ ಅತ್ತೆಯನ್ನೇ ನೋಡುತ್ತಿದ್ದಳು. ಅಮ್ಮ ಎದ್ದು ಹಿತ್ತಿಲಿಗೆ ಹೋಗಿಬಿಡುತ್ತಿದ್ದಳು. ಒಗೆಯುವುದಕ್ಕೆ ಏನಾದರೂ ಇದ್ದೇ ಇರುತ್ತಿತ್ತು.

ಗುಬ್ಬಿಗೆ ಒಂದೂವರೆ ವರ್ಷವಾದಾಗ ಗಂಡಹೆಂಡತಿ ಇಬ್ಬರೂ ಡಾಕ್ಟರಮ್ಮನ ಹತ್ತಿರ ಹೋಗಿ ಬಂದರು. ಬಂದವರ ಮುಖ ನೋಡಿ ಅಮ್ಮ ನೀರು ಕೊಟ್ಟಳು.

"ಏನಂದ್ರು?"

ಮಗ ಹೇಳಿದ. ಒಮ್ಮೆ ಹೀಗೆ ರಕ್ತ ಹೋದವರಿಗೆ ಮತ್ತೆ ಹಾಗಾಗುವ ಸಂಭವ ಉಳಿದವರಿಗಿಂತ ಹೆಚ್ಚು. ಆಗಲೇಬೇಕೆಂದೇನಿಲ್ಲ. ಇನ್ನೊಂದು ಬೇಕೆಂದರೆ ಅವಸರ ಬೇಡ, ಮೊದಲು ಮೈಯಲ್ಲಿ ರಕ್ತ ತುಂಬಬೇಕು. ಹೆರಿಗೆ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕು, ಹೊಂದುವ ರಕ್ತ ಮೊದಲೇ ತಯಾರಿರಬೇಕು. ಬೇಡವೆಂದರೆ ಅದೂ ಸರಿ, ಅದಕ್ಕೂ ದಾರಿಯಿದೆ, ಯಾರ ಅಪ್ಪಣೆಯೂ ಬೇಕಿಲ್ಲ.

"ಆದ್ರೆ ಒಂದು ವಿಷಯ ಕೇಳಿದ್ರಮ್ಮ. ಆಸ್ಪತ್ರೆಗೆ ಬಂದ ಮೇಲೆ ಎಷ್ಟು ಹೋಯ್ತು ಅಂತ ಚೀಟೀಲಿ ಬರೆದಿದ್ದಾರೆ. ಮನೇಲಿ ಹೋದದ್ದು 'ಗೊತ್ತಿಲ್ಲ' ಅಂತ ಇದೆ. ಮನೇಲಿ ಯಾರಿಗಾದ್ರೂ ನೆನಪಿದ್ರೆ ಕೇಳ್ಕೊಂಡು ಬನ್ನಿ, ಮುಂದಕ್ಕೆ ಅದು ಮುಖ್ಯ ಅಂದ್ರು."

ಅಮ್ಮ ಲೋಟ ಎತ್ತಿಕೊಂಡು ಒಳಗೆ ಹೋದಳು. ಸೊಸೆ ಅವಳ ಬೆನ್ನನ್ನೇ ನೋಡಿದಳು.

ಎರಡು ದಿನ ಕಳೆದು ದೊಡ್ಡಮ್ಮ ಬಂದಳು. ಮಧ್ಯಾಹ್ನದ ಹೊತ್ತು, ಹಿತ್ತಿಲ ಬಾಗಿಲಲ್ಲಿ ಎಲ್ಲರೂ ಚಹಾ ಕುಡಿಯುತ್ತ ಕೂತಿದ್ದರು. ಮಗ ಮಾತ್ರ ಒಳಗೆ ಇಸ್ತ್ರಿ ಹಾಕುತ್ತಿದ್ದ, ಬಾಗಿಲು ತೆರೆದೇ ಇತ್ತು. ಗುಬ್ಬಿ ಬಟ್ಟೆಯ ಕ್ಲಿಪ್ಪುಗಳನ್ನು ಒಂದೊಂದಾಗಿ ದೊಡ್ಡಮ್ಮನ ಸೆರಗಿಗೆ ಸಿಕ್ಕಿಸುತ್ತಿತ್ತು.

"ನೋಡು, ಇದಕ್ಕೆ ಆಡೋಕೆ ಯಾರೂ ಇಲ್ಲದೆ ಮುದುಕಿ ಸೆರಗೇ ಗತಿಯಾಗಿದೆ," ಎಂದಳು ದೊಡ್ಡಮ್ಮ. "ಒಂದು ಕಣ್ಣು ಕಣ್ಣಲ್ಲ, ಒಂದು ಮಗು ಮಗುವಲ್ಲ. ಈ ಸಲ ಗಂಡಾಗುತ್ತೆ, ನನ್ನ ಬಾಯಿಂದ ಬಂದಿದೆ ಅಂತ ಬರೆದಿಟ್ಕೋ."

ಸೊಸೆ ಮೆಲ್ಲಗೆ ಹೇಳಿದಳು. "ದೊಡ್ಡತ್ತೆ, ನನಗೆ ಭಯ ಆಗುತ್ತೆ."

"ಭಯ ಯಾರಿಗಾಗಲ್ಲ? ನನಗೂ ಆಗ್ತಿತ್ತು, ಪ್ರತಿ ಸಲಾನೂ. ಆಮೇಲೆ ಮಗು ಮುಖ ನೋಡಿದ್ಮೇಲೆ ಮರೆತೇಹೋಗ್ತಿತ್ತು. ನಿಮ್ಮ ಡಾಕ್ಟರಮ್ಮನ ಮಾತು ಕೇಳಬೇಡ, ಹೆದರಿಸೋದೇ ಅವರ ಕಸುಬು. ಈ ಸಲ ನಾನೇ ಬಂದು ಇರ್ತೀನಿ, ನರ್ಸೂ ಬೇಡ, ಗಿರ್ಸೂ ಬೇಡ. ಹೆತ್ತವರಿಗೆಲ್ಲ ಒಂದೆರಡು ಬಟ್ಟೆ ರಕ್ತ ಹೋಗೇ ಹೋಗುತ್ತೆ. ಅಷ್ಟಕ್ಕೆ ನೀವು ಊರೆಲ್ಲ ಗಾಡೀಲಿ ಮೆರವಣಿಗೆ ಮಾಡಿದ್ರಿ."

ಅಮ್ಮನ ಕೈಯ ಲೋಟ ನೆಲಕ್ಕೆ ಇಳಿಯಿತು.

"ನಮ್ಮ ಹುಡುಗೀನೇ ತಗೋ," ದೊಡ್ಡಮ್ಮ ತಂಗಿಯ ಕಡೆ ತಿರುಗಿದಳು. "ಪಾಪ, ಜ್ವರ ಬಂದು ಹೋದಳು. ಹಣೆಬರಹ. ಹಾಗಂತ ಆಮೇಲೆ ಯಾರೂ ಹೆರೋದು ನಿಲ್ಲಿಸಿದ್ರಾ? ಹೇಳೇ, ನೀನಾದ್ರೂ ಹೇಳು ನಿನ್ನ ಸೊಸೆಗೆ."

ಅಮ್ಮ ಎದ್ದಳು. ಸಣ್ಣ ಬಕೆಟ್ಟೊಂದನ್ನು ಖಾಲಿ ಮಾಡಿ ತಂದು ಎಲ್ಲರ ನಡುವೆ ಇಟ್ಟಳು. ಬಟ್ಟೆಗೆ ಹಾಕುವ ನೀಲಿಯನ್ನು ಅಳೆಯುವ ಪುಟ್ಟ ಲೋಟ ತಂದಳು. ಮೂಲೆಯ ಗೂಡಿನಿಂದ ಹಳೆಯ ಹಾಸಿನ ಚೌಕದ ತುಂಡೊಂದನ್ನು ತೆಗೆದು ತೊಟ್ಟಿಯಲ್ಲಿ ಅದ್ದಿ, ನೀರು ಸೋರುವುದು ನಿಲ್ಲುವವರೆಗೂ ಹಿಡಿದು, ಆಮೇಲೆ ಲೋಟದೊಳಕ್ಕೆ ಹಿಂಡಿದಳು. ಲೋಟ ಅಂಚಿನವರೆಗೆ ತುಂಬಿತು. ನಲವತ್ತು ವರ್ಷ ಬಟ್ಟೆ ಹಿಂಡಿದ ಕೈ, ಯಾವ ಬಟ್ಟೆ ಎಷ್ಟು ನೀರು ಕುಡಿಯುತ್ತದೆಂದು ಅದಕ್ಕೆ ಗೊತ್ತಿತ್ತು. ತೋರಿಸುವುದಕ್ಕಷ್ಟೇ ಹಿಂಡಿದ್ದಳು.

"ಏನೇ ಇದು ಹುಚ್ಚಾಟ?" ಎಂದಳು ದೊಡ್ಡಮ್ಮ.

"ಒಂದು," ಎಂದು ಅಮ್ಮ ಬಕೆಟ್‌ಗೆ ಸುರಿದಳು. ತೊಟ್ಟಿಯಿಂದ ಲೋಟ ತುಂಬಿದಳು. "ಎರಡು. ಮೂರು. ನರ್ಸಮ್ಮನಿಗೆ ನಾನು ಹೇಳಿದ್ದು ಇಷ್ಟು."

ಮತ್ತೆ ತುಂಬಿದಳು. ನಾಲ್ಕು, ಐದು, ಆರು. ಗುಬ್ಬಿ ಆಟವೆಂದುಕೊಂಡು ಚಪ್ಪಾಳೆ ತಟ್ಟಿತು. ಸೊಸೆ ಮಗುವನ್ನು ಹತ್ತಿರಕ್ಕೆಳೆದುಕೊಂಡಳು. ಒಂಬತ್ತು. ಹತ್ತು. ದೊಡ್ಡಮ್ಮ ಸೆರಗಿನ ಕ್ಲಿಪ್ಪುಗಳನ್ನು ಕಿತ್ತುಕೊಳ್ಳುವುದನ್ನು ನಿಲ್ಲಿಸಿದಳು.

"ಹದಿಮೂರು. ನರ್ಸಮ್ಮ ಬರೋ ಮೊದಲು ಹದಿಮೂರು ಬಟ್ಟೆ ಒಗೆದೆ. ಒಂದು ಕಲೆ ಉಳಿಸಲಿಲ್ಲ. ನೋಡಕ್ಕ, ನಿನ್ನ ಒಂದೆರಡು ಬಟ್ಟೆ."

ಬಕೆಟ್‌ನಲ್ಲಿ ನೀರು ಅರ್ಧ ಗೇಣಿನಷ್ಟೂ ಇರಲಿಲ್ಲ. ಆದರೆ ಅದನ್ನು ಒಬ್ಬ ಸಣ್ಣ ಹೆಂಗಸಿನ ಮೈಯಿಂದ ತೆಗೆದದ್ದೆಂದು ನೋಡಿದಾಗ ಬಕೆಟ್ ತುಂಬಿದಂತೆಯೇ ಕಾಣುತ್ತಿತ್ತು. ಒಳಗಿನಿಂದ ಸುಟ್ಟ ವಾಸನೆ ಬಂತು. ಮಗ ಇಸ್ತ್ರಿಯನ್ನು ಅಂಗಿಯ ಮೇಲೆಯೇ ಬಿಟ್ಟು ಬಾಗಿಲಿಗೆ ಬಂದು ನಿಂತಿದ್ದ. ಸೊಸೆ ಎದ್ದು ಹೋಗಿ ಇಸ್ತ್ರಿ ಎತ್ತಿಟ್ಟು ಬಂದಳು.

"ಅಮ್ಮ," ಎಂದ ಮಗ. "ಎಲ್ಲ ಸರಿ ಇದೆ ಅಂದೆಯಲ್ಲಮ್ಮ."

ಅಮ್ಮ ಮತ್ತೆ ಲೋಟ ತುಂಬಿ ಬಕೆಟ್‌ಗೆ ಸುರಿದಳು. ಮತ್ತೊಂದು, ಮತ್ತೊಂದು. ಈ ಸಲ ಎಣಿಸಲಿಲ್ಲ. ಬಕೆಟ್ ತುಂಬುತ್ತ ಬಂತು.

"ಇದು ಯಾರದೇ?" ದೊಡ್ಡಮ್ಮನ ದನಿ ಇಳಿದಿತ್ತು.

"ನನ್ನ ಮಗಳದು."

"ಅವಳಿಗೆ ಜ್ವರ..."

"ಜ್ವರ ಇರಲಿಲ್ಲ ಅಕ್ಕ. ಮೈ ತಣ್ಣಗಿತ್ತು. ತಣ್ಣೀರಿಗಿಂತ ತಣ್ಣಗೆ. ನೀನು ಬರೋಷ್ಟರಲ್ಲಿ ಎಲ್ಲ ಒಗೆದು ಹಗ್ಗಕ್ಕೆ ಹಾಕಿದ್ದೆ. 'ಪರವಾಗಿಲ್ವೇ, ಇಂಥ ಹೊತ್ತಲ್ಲೂ ಬಟ್ಟೆ ಎಷ್ಟು ಬೆಳ್ಳಗಿದೆ' ಅಂದೆ ನೀನು. ಎಷ್ಟು ಬಟ್ಟೆ ಅಂತ ನಾನು ಎಣಿಸಲಿಲ್ಲ. ಎಣಿಸಬೇಕು ಅಂತ ಗೊತ್ತಿರಲಿಲ್ಲ. ಒಗೀಬೇಕು ಅಂತ ಗೊತ್ತಿತ್ತು."

ಲೋಟ ಕೈಯಲ್ಲಿ ಹಾಗೇ ನಿಂತಿತು.

"ಇವಳ ಹೆರಿಗೇಲಿ ಮೂರನೇ ಬಟ್ಟೆಗೇ ನನಗೆ ಗೊತ್ತಾಯ್ತು. ಹೀಗೇ ಶುರುವಾಗಿತ್ತು ಅವಳಿಗೂ. ಮಗನನ್ನ ಕೂಗಬೇಕಿತ್ತು. ಕೂಗಿದ್ರೆ, ಇಷ್ಟು ರಕ್ತ ಜೀವ ತೆಗೆಯುತ್ತೆ ಅಂತ ಒಪ್ಕೊಂಡ ಹಾಗೆ. ಹಾಗೆ ಒಪ್ಕೊಂಡ್ರೆ ನನ್ನ ಮಗಳನ್ನ ಕೊಂದದ್ದು ಯಾರು? ಅದಕ್ಕೇ ಒಗೀತಾ ಹೋದೆ. ಇದು ಕೆಟ್ಟ ರಕ್ತ, ಕೆಟ್ಟ ರಕ್ತ ಅಂತ ನನಗೆ ನಾನೇ ಹೇಳ್ಕೊಂಡು ಒಗೀತಾನೇ ಹೋದೆ."

ಮೊದಲು ಮಾತಾಡಿದವಳು ಸೊಸೆ.

"ನೀವು 'ಎರಡು ಮೂರು' ಅಂದದ್ದು ನನಗೆ ಕೇಳಿಸಿತ್ತು ಅತ್ತೆ. ಅಲ್ಲ ಅಂತ ಹೇಳೋಕೆ ನಾಲಿಗೆ ಏಳಲಿಲ್ಲ."

ಅಮ್ಮ ತಲೆ ಎತ್ತಿದಳು. "ಕೇಳಿಸಿತ್ತಾ? ಮತ್ತೆ ಇಷ್ಟು ದಿನ ಒಂದು ಮಾತು ಕೇಳಲಿಲ್ಲವಲ್ಲ."

"ನೀವೇ ಹೇಳ್ತೀರೇನೋ ಅಂತ ಕಾದೆ."

ಅಮ್ಮ ಮುಖ ಮುಚ್ಚಿಕೊಂಡಳು. ಸೊಸೆ ಅವಳ ಹತ್ತಿರ ಹೋಗಿ ತಬ್ಬಿಕೊಂಡಳು ಎಂದು ಬರೆಯಬಹುದಿತ್ತು. ಹಾಗಾಗಲಿಲ್ಲ. ಅವಳು ಕೂತಲ್ಲೇ ಕೂತು ಮಗುವಿನ ತಲೆ ಸವರುತ್ತಿದ್ದಳು.

"ದೊಡ್ಡತ್ತೆ, ನಿಮಗೂ ಒಂದು ಮಾತು ಹೇಳ್ಬೇಕು," ಎಂದಳು. "ನನಗೆ ಇನ್ನೊಂದು ಮಗು ಬೇಕೋ ಬೇಡವೋ ನನಗೇ ಗೊತ್ತಿಲ್ಲ. ಒಂದು ದಿನ ಬೇಕು ಅನ್ನಿಸುತ್ತೆ, ಇನ್ನೊಂದು ದಿನ ನೆನೆಸಿಕೊಂಡ್ರೆ ಕೈಕಾಲು ತಣ್ಣಗಾಗುತ್ತೆ. ಗೊತ್ತಾದಾಗ ಇವರಿಗೆ ಹೇಳ್ತೀನಿ, ಡಾಕ್ಟರಮ್ಮನಿಗೆ ಹೇಳ್ತೀನಿ. ಅಲ್ಲಿವರೆಗೂ ಈ ಮನೇಲಿ ಯಾರೂ ನನ್ನ ಕೇಳಬಾರದು. ಇನ್ನೊಂದು ಆದ್ರೂ ಆಸ್ಪತ್ರೇಲೇ. ಆಗದಿದ್ರೆ ಗುಬ್ಬಿ ಒಂದೇ. ಒಂದು ಕಣ್ಣಿದ್ದೋರೂ ದಾರಿ ನೋಡ್ಕೊಂಡೇ ನಡೀತಾರೆ."

ದೊಡ್ಡಮ್ಮ ಮಗನ ಕಡೆ ನೋಡಿದಳು, ಗಂಡಸು ಏನಾದರೂ ಹೇಳಲಿ ಎಂಬಂತೆ.

"ಅವಳು ಹೇಳಿದ್ದೇ ದೊಡ್ಡಮ್ಮ," ಎಂದ ಮಗ. ಅವನ ಕಣ್ಣು ಮಾತ್ರ ತುಂಬಿದ ಬಕೆಟ್‌ನ ಮೇಲಿತ್ತು. ಅಕ್ಕ ಸತ್ತಾಗ ಅವನಿಗೆ ಹದಿನಾರು. ಅಂದೂ ಅವನು ಮುಂದಿನ ಕೋಣೆಯಲ್ಲಿ ಕೂತಿದ್ದ, ಹೆಂಗಸರ ವಿಚಾರವೆಂದು.

ದೊಡ್ಡಮ್ಮ ಚಹಾ ಅರ್ಧಕ್ಕೇ ಬಿಟ್ಟು ಎದ್ದಳು. ಬಾಗಿಲಲ್ಲಿ ನಿಂತು, "ನನ್ನ ಮೂರನೇದಕ್ಕೆ ನನಗೂ ಹೀಗೇ ಆಗಿತ್ತು," ಎಂದಳು, ಯಾರನ್ನೂ ನೋಡದೆ. "ಎರಡು ತಿಂಗಳು ಎದ್ದಿರಲಿಲ್ಲ. ಮೂರನೇ ದಿನ ನೀರು ಹೊತ್ತೆ ಅಂತ ಸುಮ್ನೆ ಹೇಳೋದು." ಹೇಳಿ ಹೊರಟುಹೋದಳು. ಒಂದು ಕ್ಲಿಪ್ಪು ಸೆರಗಿನಲ್ಲೇ ಹೋಯಿತು.

ಮರುದಿನ ಅಮ್ಮ ಸೊಸೆಯ ಜೊತೆ ಆಸ್ಪತ್ರೆಗೆ ಹೋಗಿ ಅದೇ ಚೌಕದ ತುಂಡನ್ನೂ ಲೋಟವನ್ನೂ ಮೇಜಿನ ಮೇಲಿಟ್ಟಳು. ಡಾಕ್ಟರಮ್ಮ ಲೆಕ್ಕ ಹಾಕಿ 'ಗೊತ್ತಿಲ್ಲ' ಎಂಬುದನ್ನು ಹೊಡೆದು ಬರೆದುಕೊಂಡರು. ಬರೆಯುತ್ತ ಬರೆಯುತ್ತ ಒಮ್ಮೆ ಪೆನ್ನು ನಿಲ್ಲಿಸಿ ಸೊಸೆಯ ಮುಖ ನೋಡಿದರು.

ಗುಬ್ಬಿ ಈಗ ಶಾಲೆಗೆ ಹೋಗುತ್ತಾಳೆ. ಒಬ್ಬಳೇ ಮಗಳು. ಸೊಸೆ ಇನ್ನೂ ಬೇಕೆಂದೂ ಹೇಳಿಲ್ಲ, ಬೇಡವೆಂದೂ ಹೇಳಿಲ್ಲ. ಮನೆಯಲ್ಲಿ ಯಾರೂ ಕೇಳಿಲ್ಲ. ಅತ್ತೆಸೊಸೆ ಚೆನ್ನಾಗಿಯೇ ಇದ್ದಾರೆ. ಆದರೂ ಅಮ್ಮ ನೀರು ತಂದುಕೊಟ್ಟಾಗ ಸೊಸೆ ಒಂದು ಕ್ಷಣ ಲೋಟವನ್ನು ನೋಡಿಯೇ ಕುಡಿಯುತ್ತಾಳೆ. ಅದು ಹೋಗುವ ಕಲೆಯಲ್ಲ, ಅಮ್ಮನಿಗೆ ಗೊತ್ತು.

ಬೀದಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಅಮ್ಮ ಖಾಲಿ ಬಕೆಟ್ ಹಿಡಿದು ಹೋಗುತ್ತಾಳೆ. "ಇದಕ್ಕೆ ಹಾಕಿ, ಒಗೀಬೇಡಿ, ಎಣಿಸಿ, ನರ್ಸಿಗೆ ತೋರಿಸಿ," ಎನ್ನುತ್ತಾಳೆ. ಲಾಂಡ್ರಿಯವಳೇ ಬಟ್ಟೆ ಒಗೆಯಬೇಡಿ ಎನ್ನುವುದನ್ನು ಕೇಳಿ ಹೆಂಗಸರು ನಗುತ್ತಾರೆ. ನಕ್ಕರೂ ಬಕೆಟ್ ತೆಗೆದುಕೊಳ್ಳುತ್ತಾರೆ. ಕೆಲವರು, "ಯಾಕಮ್ಮ ಇಷ್ಟೊಂದು ಆತಂಕ, ನಿಮ್ಮ ಮನೇಲಿ ಯಾರಿಗಾದ್ರೂ ಹೀಗಾಗಿತ್ತಾ?" ಎಂದು ಕೇಳುವುದುಂಟು.

ಅಮ್ಮ ಈಗ ಜ್ವರ ಎನ್ನುವುದಿಲ್ಲ.

"ನನ್ನ ಮಗಳಿಗಾಗಿತ್ತು," ಎನ್ನುತ್ತಾಳೆ. "ಬಟ್ಟೆ ಒಗೆದವಳು ನಾನೇ."